ಸತ್ಯಾಂಶ: ಅಮೆರಿಕದ ವಿಮಾ ಕಂಪನಿಗಳಿಗೆ ಲೈಸೆನ್ಸ್ ಕೊಡುವುದು ವಾಷಿಂಗ್ಟನ್ನೇ?

‘ಅಮೆರಿಕದಲ್ಲಿ ವಿಮಾ ಕಂಪನಿಗೆ ಕೇಂದ್ರದ ಒಂದೇ ಲೈಸೆನ್ಸ್. ಕ್ಲೇಮ್ ತಿರಸ್ಕರಿಸಿದರೆ ನೇರವಾಗಿ ವಾಷಿಂಗ್ಟನ್‌ಗೆ ದೂರು ಕೊಡಿ’ ಎಂಬ ಸಂದೇಶ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ದೇಶಕ್ಕೆಲ್ಲ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಒಂದೇ ಎಂದು ಕಂಡಿರುವ ನಮಗೆ ಇದು ಸರಿಯೆನಿಸಬಹುದು. ಆದರೆ ನಿಜವಲ್ಲ.

ಅಲ್ಲಿ ಲೈಸೆನ್ಸ್, ಪ್ರೀಮಿಯಂ ದರದ ತಪಾಸಣೆ, ಗ್ರಾಹಕರ ದೂರು ಎಲ್ಲವೂ ಮುಖ್ಯವಾಗಿ ಆಯಾ ರಾಜ್ಯದ ವಿಮಾ ಇಲಾಖೆಯ ಕೆಲಸ. ವಿಮೆ ಅಂತರರಾಜ್ಯ ವ್ಯಾಪಾರವೇ ಅಲ್ಲ ಎಂದು 1869ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 1944ರಲ್ಲಿ ಹೌದು ಎಂದಿತು. ಅಂತರರಾಜ್ಯ ವ್ಯಾಪಾರವೆಂದರೆ ಕೇಂದ್ರದ ಹಿಡಿತಕ್ಕೆ ಬರುವಂಥದ್ದು. ಹಾಗಾಗಿ ರಾಜ್ಯಗಳು ಗಾಬರಿಯಾದವು. ಮರುವರ್ಷವೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮೆಕ್ಯಾರನ್-ಫರ್ಗುಸನ್ ಕಾಯ್ದೆ ತಂದು ಅಧಿಕಾರವನ್ನು ರಾಜ್ಯಗಳಲ್ಲೇ ಉಳಿಸಿತು. 2010ರ ಕಾನೂನಿನಿಂದ ಹುಟ್ಟಿದ ಫೆಡರಲ್ ಇನ್ಶೂರೆನ್ಸ್ ಆಫೀಸ್ ಹೆಸರಿಗೆ ದೊಡ್ಡದು. ವಿಮಾ ಕ್ಷೇತ್ರದ ಮೇಲೆ ಕಣ್ಣಿಡುತ್ತದೆ, ಲೈಸೆನ್ಸ್ ಕೊಡುವುದಿಲ್ಲ.

ಹಾಗಂತ ಕೇಂದ್ರಕ್ಕೆ ಪಾತ್ರವೇ ಇಲ್ಲವೆಂದಲ್ಲ. ಅಲ್ಲಿರುವ ನಮ್ಮ ಐಟಿ ಉದ್ಯೋಗಿಗಳು ಗಮನಿಸಬೇಕಾದದ್ದು ಇದನ್ನೇ: ದೊಡ್ಡ ಕಂಪನಿಗಳು ಸಾಮಾನ್ಯವಾಗಿ ನೌಕರರ ಆಸ್ಪತ್ರೆ ಖರ್ಚನ್ನು ತಾವೇ ಭರಿಸುತ್ತವೆ. ಕಾರ್ಡಿನ ಮೇಲೆ ವಿಮಾ ಕಂಪನಿಯ ಹೆಸರಿದ್ದರೂ ಅದು ಬರೀ ಕಾಗದಪತ್ರ ನೋಡಿಕೊಳ್ಳುತ್ತಿರಬಹುದು. ಅಂಥ ಯೋಜನೆಗೆ ನೌಕರರ ಸೌಲಭ್ಯಗಳ ಕುರಿತ ಕೇಂದ್ರದ 1974ರ ಎರಿಸಾ ಕಾಯ್ದೆ ಅನ್ವಯ. ರಾಜ್ಯದ ವಿಮಾ ನಿಯಮ ತಟ್ಟುವುದಿಲ್ಲ, ವಿಚಾರಿಸಬೇಕಾದದ್ದು ಕೇಂದ್ರದ ಕಾರ್ಮಿಕ ಇಲಾಖೆಯಲ್ಲಿ. ದೂರು ಬರೆಯುವ ಮುನ್ನ ‘ನಮ್ಮದು ಸೆಲ್ಫ್-ಫಂಡೆಡ್ (ಕಂಪನಿಯೇ ಖರ್ಚು ಭರಿಸುವ) ಯೋಜನೆಯೇ?’ ಎಂದು ಎಚ್‌ಆರ್‌ಗೆ ಕೇಳಿ. ಕಾರು, ಮನೆ ವಿಮೆಯ ದೂರಾದರೆ ನೇರ ರಾಜ್ಯದ ಇಲಾಖೆಗೇ ಹೋಗಿ.