ಮೊದಲು ಮೀಟರ್ ತೋರಿಸಲಿ

ಹೈಡ್ರೋಜನ್-ಬೋರಾನ್ ಇಂಧನದ ಹೊಸ ಫ್ಯೂಷನ್ ಯಂತ್ರ, ಅಂದರೆ ಪರಮಾಣುಗಳ ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ ಯಂತ್ರ, ಐದೇ ವರ್ಷದಲ್ಲಿ ಊರಿಗೆಲ್ಲ ಕರೆಂಟ್ ಕೊಡುತ್ತದೆ ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ಓದೋಕೆ ಚೆನ್ನಾಗಿದೆ. ಆದರೆ ಯಂತ್ರ ಇನ್ನೂ ಚಿತ್ರದಲ್ಲೇ ಇದೆ ಅಲ್ವಾ?

2022ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ಫ್ಯೂಷನ್ ಪ್ರಯೋಗಾಲಯದವರು 2.05 ಮೆಗಾಜೂಲ್ ಲೇಸರ್ ಹೊಡೆದು 3.15 ಮೆಗಾಜೂಲ್ ಫ್ಯೂಷನ್ ಶಕ್ತಿ ಪಡೆದರು. ದೊಡ್ಡ ಸಾಧನೆಯೇ, ಎರಡು ಮಾತಿಲ್ಲ. ಸುಮ್ನೆ ಕುತೂಹಲಕ್ಕೆ ಅದನ್ನು ನಮ್ಮ ಬಸವನಗುಡಿ ಮನೆಯ ಮೀಟರ್ ಲೆಕ್ಕಕ್ಕೆ ಇಳಿಸಿದೆ. ಒಂದು ಯೂನಿಟ್ ಅಂದರೆ 3.6 ಮೆಗಾಜೂಲ್. ಅಲ್ಲಿಗೆ, ಬಂದದ್ದು ಒಂದು ಯೂನಿಟ್ಟೂ ಇಲ್ಲ! ನಮ್ಮ 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಲ್ಲ. ಆ ಲೇಸರ್ ನಡೆಸಲು ಎಳೆದದ್ದು ಸುಮಾರು 300 ಮೆಗಾಜೂಲ್, ಅಂದರೆ 83 ಯೂನಿಟ್.

ಅದೂ ಡ್ಯುಟೀರಿಯಂ-ಟ್ರಿಷಿಯಂ ಎಂಬ ಹೈಡ್ರೋಜನ್‌ನ ಎರಡು ಭಾರದ ರೂಪಗಳಲ್ಲಿ, ಅಂದರೆ ಎಲ್ಲಕ್ಕಿಂತ ಸುಲಭದ ಇಂಧನದಲ್ಲಿ. ಬೋರಾನ್‌ಗೆ ಅದರ ಹಲವು ಪಟ್ಟು ಬಿಸಿ ಬೇಕು. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ಇಂಥ ಘೋಷಣೆ ಹಿಂದೆಯೂ ಕೇಳಿದ್ದೇವೆ. 1989ರಲ್ಲಿ ಅಮೆರಿಕದ ಯೂಟಾದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದು, ಗಾಜಿನ ಪಾತ್ರೆಯಲ್ಲೇ ಫ್ಯೂಷನ್ ಆಯಿತು ಅಂದಿದ್ದರು. ಅವರು ಹೇಳಿದಷ್ಟು ಶಾಖ ನಿಜವಾಗಿ ಫ್ಯೂಷನ್‌ನಿಂದ ಬಂದಿದ್ದರೆ, ಹೊರಡುವ ನ್ಯೂಟ್ರಾನ್ ಕಣಗಳ ವಿಕಿರಣ ಪಕ್ಕದಲ್ಲಿ ನಿಂತವರನ್ನೇ ಕೊಲ್ಲಬೇಕಿತ್ತು. ಇಬ್ಬರೂ ಆರಾಮಾಗಿದ್ದರು.

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಇಂಥದ್ದೇ ಒಂದು ಕಂಪನಿಗೆ ದುಡ್ಡು ಹಾಕಿ ಅಂತಿದ್ದಾರೆ. ಪ್ಲಾಸ್ಮಾದ, ಅಂದರೆ ಯಂತ್ರದೊಳಗಿನ ಅತಿ ಬಿಸಿ ಅನಿಲದ, ತಾಪ ಯಾರು ಅಳೆದರು, ಹೊರಗಿನವರು ಯಾರಾದರೂ ನೋಡಿದ್ದಾರಾ ಅಂತ ಕೇಳಿದೆ. ಮೂರು ರಾಕೆಟ್ ಇಮೋಜಿ ಬಂತು.