ಬೇಳೆಗೊಂದು ಕ್ಯಾನ್

ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಬರುವಾಗ ಅಮ್ಮ ಯಾವಾಗಲೂ ಎರಡು ಬ್ಯಾಗ್ ತರುತ್ತಾಳೆ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಅಪ್ಪೆಮಿಡಿ, ಹಪ್ಪಳ, ಹಿತ್ತಲಿನ ಕೆಸುವಿನ ಸೊಪ್ಪು. ಈ ಸಲ ಜೊತೆಗೆ ಐದು ಲೀಟರಿನ ಒಂದು ಕ್ಯಾನೂ ಇತ್ತು. ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಜೇನುತುಪ್ಪ ಇರಬೇಕು ಅಂತ ನಾನು ಓಡಿಹೋಗಿ ಎತ್ತಿಕೊಂಡೆ.

"ನಿಧಾನ ಮಾರಾಯ್ತಿ, ಚೆಲ್ಲೀತು. ನಮ್ಮ ಬಾವಿ ನೀರು" ಅಂದಳು. "ಬೇಳೆ ಬೇಯಿಸ್ಲಿಕ್ಕೆ."

ಬೆಂಗಳೂರಿಗೆ ನೀರು ಹೊತ್ತು ತಂದವಳನ್ನು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೆ ಅವಳದ್ದು ತಪ್ಪಿಲ್ಲ. ಹೋದ ಸಲ ಬಂದಾಗ ನಮ್ಮನೆ ತೊಗರಿಬೇಳೆ ಅವಳ ಮರ್ಯಾದೆ ತೆಗೆದಿತ್ತು. ಮೂರು ಸೀಟಿಗೆ ಬೇಳೆ ಕಲ್ಲಿನ ಹಾಗಿತ್ತು. ಐದಕ್ಕೆ ಹಾಗೇ. ಎಂಟಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಇವತ್ತು ಇವರ ಮನೆಯಲ್ಲಿ ಏನೋ ದೊಡ್ಡ ಅಡುಗೆ ಅಂದುಕೊಂಡಿರಬೇಕು. ಅಮ್ಮ ಮೊದಲು ಬೇಳೆಯನ್ನು ಬೈದಳು, ಆಮೇಲೆ ಕುಕ್ಕರಿನ ಗ್ಯಾಸ್ಕೆಟನ್ನು, ಆಮೇಲೆ ಅಂಗಡಿಯವನನ್ನು, ಕೊನೆಗೆ "ನೀನು ನೆನೆಸಿಟ್ಟಿರ್ಲಿಲ್ಲ ಅಲ್ವಾ?" ಅಂತ ನನ್ನ ಹತ್ತಿರ ಬಂದು ನಿಂತಳು. ನೀರಿನ ಮೇಲೆ ಮಾತ್ರ ಆಗ ಅವಳಿಗೆ ಅನುಮಾನವೇ ಬರಲಿಲ್ಲ. ಮಲೆನಾಡಿನವರಿಗೆ ನೀರು ಅಂದರೆ ನೀರು, ಅಷ್ಟೇ. ಅದರಲ್ಲಿ ಇನ್ನೇನೋ ಇರುತ್ತದೆ ಅಂತ ಹೇಳಿದರೆ ಹಾವೋ ಕಪ್ಪೆಯೋ ಅಂತ ಕೇಳುತ್ತಾರೆ.

ನಾವಿರುವುದು ವರ್ತೂರಿನ ಕಡೆ. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆ ಆದಾಗ ನಮ್ಮ ಬೀದಿಯಲ್ಲಿ ಒಬ್ಬರು ಪೇಡ ಹಂಚಿದ್ದರು. ದಿನಕ್ಕೆ 77.5 ಕೋಟಿ ಲೀಟರ್, 110 ಹಳ್ಳಿಗಳಿಗೆ ಅಂತೆ, ಇನ್ನೇನು ಬಂತು ಅಂತ. ಪೇಡ ಕರಗಿತು, ಪೈಪು ಬೀದಿಯ ಮೂಲೆವರೆಗೆ ಬಂದು ನಿಂತಿದೆ. ನಮ್ಮ ಲೇಔಟಿನವರು ಕನೆಕ್ಷನ್ ಖರ್ಚು ಹಂಚಿಕೊಳ್ಳುವ ಲೆಕ್ಕದಲ್ಲಿ ಇನ್ನೂ ಜಗಳ ಆಡುತ್ತಿದ್ದೇವೆ. ಅಲ್ಲಿಯವರೆಗೆ ಬೋರ್ ನೀರೇ ಗತಿ. ಆ ವರ್ಷದ ಬೇಸಿಗೆಯಲ್ಲಿ ಬೋರೂ ಕೈಕೊಟ್ಟು ಟ್ಯಾಂಕರ್ ತರಿಸಿದ್ದೆವು, ಅದೂ ಇನ್ಯಾರದೋ ಬೋರಿನದೇ.

ಈ ನೀರು ಮನೆಯೊಳಗೆ ಏನು ಮಾಡುತ್ತಿದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಗೀಸರ್ ಕೆಟ್ಟ ದಿನ. ಮೂರು ತಿಂಗಳಿಂದ ಅದು ಕಾಯುವಾಗ ಹಳೇ ಲೂನಾದ ಹಾಗೆ ಸದ್ದು ಮಾಡುತ್ತಿತ್ತು, ನಾವು ವಯಸ್ಸಾಯ್ತು ಅಂತ ಸುಮ್ಮನಿದ್ದೆವು. ರಿಪೇರಿಯವರು ಬಂದು ಕಾಯಿಲ್ ಹೊರಗೆ ಎಳೆದರು. ಕಾಯಿಲ್ ಎಲ್ಲಿ? ಬಿಳಿ ಹುತ್ತದಂಥದ್ದೊಂದು ಬಂತು. ಜೊತೆಗೆ ಅರ್ಧ ಬಕೆಟ್ ಬಿಳಿ ಚೂರು ದಬದಬ ಅಂತ ನೆಲಕ್ಕೆ ಬಿತ್ತು.

"ಮೇಡಂ, ಇದು ಗೀಸರ್ ಅಲ್ಲ, ಸುಣ್ಣದ ಗೂಡು" ಅಂದರು ಅವರು. "ಇದನ್ನೇ ಗೋಡೆಗೆ ಬಳಿಬಹುದು."

ನೀರಿನಲ್ಲಿ ಕರಗಿಕೊಂಡು ಕಣ್ಣಿಗೆ ಕಾಣದೆ ಬರುವ ಕ್ಯಾಲ್ಸಿಯಂ, ಬಿಸಿ ತಾಗಿದ ತಕ್ಷಣ ಸುಣ್ಣದ ಕಲ್ಲಾಗಿ ಕೂತುಬಿಡುತ್ತದಂತೆ. ಕಾಯಿಲ್ ಮೊದಲು ಆ ಕಲ್ಲನ್ನು ಕಾಯಿಸಬೇಕು, ಆಮೇಲೆ ನೀರನ್ನು. ಹಾಗಾಗಿ ಕರೆಂಟ್ ಬಿಲ್ಲೂ ಜಾಸ್ತಿ, ಕಾಯಿಲ್ಲೂ ಬೇಗ ಸುಟ್ಟುಹೋಗುತ್ತದೆ. ಬೇಳೆಯನ್ನು ಬೇಯಲು ಬಿಡದಿದ್ದದ್ದೂ ಇದೇ ಕ್ಯಾಲ್ಸಿಯಂ.

ಅವತ್ತಿಂದ ನಾನು ಯುದ್ಧಕ್ಕೆ ಇಳಿದೆ. ಮೊದಲ ಬಲಿ ಶವರ್. ಅದರ ಅರವತ್ತು ತೂತಿನಲ್ಲಿ ಹನ್ನೊಂದು ಮಾತ್ರ ಕೆಲಸ ಮಾಡುತ್ತಿದ್ದವು, ಅದರಲ್ಲೂ ಎರಡು ನೇರ ಗೋಡೆಗೆ ಹೊಡೆಯುತ್ತಿದ್ದವು. ಬಿಚ್ಚಿ ರಾತ್ರಿಯಿಡೀ ಬಿಸಿ ವಿನೆಗರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಮನೆಯೆಲ್ಲ ಗೋಬಿ ಮಂಚೂರಿ ಗಾಡಿ ವಾಸನೆ. ಆದರೆ ಶವರ್ ಮಾತ್ರ ಫಳಫಳ!

ಈ ಒಂದು ಗೆಲುವು ನನ್ನ ತಲೆಗೇರಿತು. ವಿನೆಗರೇ ಇಷ್ಟು ಮಾಡಿದರೆ ಟಾಯ್ಲೆಟ್ ತೊಳೆಯುವ ಆಸಿಡ್ ಇನ್ನೆಷ್ಟು ಮಾಡಬಹುದು ಅಂತ ಅಡುಗೆಮನೆ ನಲ್ಲಿಗೆ ಬಟ್ಟೆಯಲ್ಲಿ ಅದ್ದಿ ಸುತ್ತಿದೆ. (ದಯವಿಟ್ಟು ಮಾಡಬೇಡಿ.) ಅರ್ಧ ಗಂಟೆ ಬಿಟ್ಟು ಬಟ್ಟೆ ತೆಗೆದರೆ ಕಲೆ ಹೋಗಿತ್ತು, ಅದರ ಜೊತೆ ನಲ್ಲಿಯ ಹೊಳಪೂ ಹೋಗಿ ಒಳಗಿನ ಹಿತ್ತಾಳೆ ಹಳದಿಯಾಗಿ ಇಣುಕುತ್ತಿತ್ತು. ಎರಡು ಹನಿ ಕೆಳಗಿನ ಕಡಪ ಕಲ್ಲಿನ ಮೇಲೆ ಬಿದ್ದು ಸುರ್ ಅಂತ ನೊರೆ ಬಂತು. ಕಡಪ ಕಲ್ಲೂ ಸುಣ್ಣದ ಕಲ್ಲೇ ಅಂತ ಯಾರು ಹೇಳಬೇಕಿತ್ತು? ಕಲೆಯೂ ಸುಣ್ಣ, ಕಲ್ಲೂ ಸುಣ್ಣ, ಆಸಿಡ್ಡಿಗೆ ಎರಡೂ ಒಂದೇ. ಆ ಎರಡು ಗುಳಿಗಳ ಮೇಲೆ ಈಗ ಉಪ್ಪಿನಕಾಯಿ ಜಾಡಿ ಕೂತಿದೆ. ಯಾರೂ ಅದನ್ನು ಸರಿಸುವ ಹಾಗಿಲ್ಲ.

ನಮ್ಮೆಜಮಾನರು ಇದನ್ನೆಲ್ಲ ನೋಡಿ, ವೈಜ್ಞಾನಿಕವಾಗಿ ಹೋಗೋಣ ಅಂತ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ತರಿಸಿದರು. ಪೆನ್ನಿನ ಹಾಗಿರುತ್ತದಲ್ಲ, ಅದು. ನಲ್ಲಿ ನೀರು 1,120 ತೋರಿಸಿತು. ಆಮೇಲೆ ಒಂದು ವಾರ ಅವರು ಮನೆಯಲ್ಲಿ ಹರಿಯುವ ಎಲ್ಲದಕ್ಕೂ ಮೀಟರ್ ಅದ್ದಿದರು. ಎಳನೀರು, ಮಜ್ಜಿಗೆ, ನನ್ನ ತಿಳಿಸಾರು. ಸಾರಿಗೆ ಅದ್ದಿದ ದಿನ ಮೀಟರ್ ನನ್ನ ವಶಕ್ಕೆ ಬಂತು.

ಕೊನೆಗೆ ನೀರು ಮೆದು ಮಾಡುವ ಸಾಫ್ಟನರ್ ಹಾಕಿಸುವುದು ಅಂತ ತೀರ್ಮಾನ ಆಯಿತು. ಟೆಕ್ನೀಷಿಯನ್ ಹುಡುಗ ಮೊದಲು ಒಂದು ಸಣ್ಣ ಸೀಸೆಯಲ್ಲಿ ನೀರು ತೆಗೆದುಕೊಂಡು ಹನಿ ಹನಿ ಔಷಧಿ ಹಾಕಿದ. ಕೆಂಪಗಿದ್ದ ನೀರು ನೀಲಿಯಾಗುವವರೆಗೆ ಹನಿ ಎಣಿಸಬೇಕು. ಎಣಿಸಿದ, ಎಣಿಸಿದ, ಸೀಸೆ ಅಲ್ಲಾಡಿಸಿದ, ಮತ್ತೆ ಎಣಿಸಿದ. ಗಡಸುತನ, ಅಂದರೆ ಈ ಸುಣ್ಣದ ಅಂಶ, 700ರ ಹತ್ತಿರ. ಕುಡಿಯುವ ನೀರಿಗೆ ಗುಣಮಟ್ಟ ನಿಗದಿ ಮಾಡುವ ಬಿಐಎಸ್ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ಗತಿಯೇ ಇಲ್ಲದಿದ್ದರೆ 600ರವರೆಗೆ. ನಮ್ಮದು ಗತಿ ಇಲ್ಲದವರ ಲೆಕ್ಕಕ್ಕೂ ಸಿಗದ ನೀರು.

ಅಮ್ಮ ಕ್ಯಾನ್ ಹೊತ್ತು ಬಂದಿದ್ದು ಇದೇ ಹೊತ್ತಿಗೆ. ಹುಡುಗ ಮಾಳಿಗೆ ಮೇಲೆ ಪೈಪ್ ಕೂಡಿಸುವುದನ್ನು ಕುರ್ಚಿ ಹಾಕಿಕೊಂಡು ಕೂತು ನೋಡಿದಳು. ಎಲ್ಲ ಮುಗಿದ ಮೇಲೆ ಅವನು "ಅಮ್ಮಾ, ಇಪ್ಪತ್ತು ಕೆಜಿ ಉಪ್ಪು ತರಿಸಿಡಿ. ಎಂಟು ದಿನಕ್ಕೊಂದು ಸಲ ಇದಕ್ಕೆ ಹಾಕ್ಬೇಕು" ಅಂದ.

ಅಮ್ಮ ನನ್ನ ಮುಖ ನೋಡಿದಳು. "ಎಂತದು? ಉಪ್ಪು ನೀರು ಅಂತ ಅಲ್ವನೇ ಇದನ್ನ ಹಾಕ್ಸಿದ್ದು? ಉಪ್ಪು ನೀರಿಗೆ ಮತ್ತೆ ಉಪ್ಪು ಹಾಕೋದಾ? ನಿಮಗೆ ಯಾರೋ ಸರೀ ಟೋಪಿ ಹಾಕಿದಾರೆ."

ನನಗೂ ಹಾಗೇ ಅನ್ನಿಸಿತ್ತು. ಯಾಕೆಂದರೆ ಹುಡುಗ ಅತ್ತ ಹೋದ ತಕ್ಷಣ ಮೀಟರ್ ಅದ್ದಿ ನೋಡಿದ್ದೆ. ಮೊದಲು 1,120. ಈಗ 1,130. ಹತ್ತು ಜಾಸ್ತಿಯೇ ಆಗಿದೆ! ಫೋನ್ ಮಾಡಿ ಅವನಿಗೆ ಬಾಯಿಗೆ ಬಂದಿದ್ದೆಲ್ಲ ಹೇಳಿದೆ. ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ ನಿಧಾನಕ್ಕೆ ಹೇಳಿದ: "ಮೇಡಂ, ಒಳಗೆ ರೆಸಿನ್ ಮಣಿ ಇರುತ್ತೆ. ಅದು ಕ್ಯಾಲ್ಸಿಯಂ ಹಿಡ್ಕೊಂಡು ಸೋಡಿಯಂ ಬಿಡುತ್ತೆ. ಕೂತವ್ರು ಎದ್ರು, ನಿಂತವ್ರು ಕೂತ್ರು, ಬಸ್ಸಲ್ಲಿ ಜನ ಅಷ್ಟೇ ಇರ್ತಾರೆ. ನಿಮ್ಮ ಮೀಟರ್ ತಲೆ ಎಣಿಸುತ್ತೆ, ಮುಖ ನೋಡಲ್ಲ. ಮಣಿ ತುಂಬಿದ ಮೇಲೆ ಉಪ್ಪು ನೀರಲ್ಲಿ ತೊಳೆದ್ರೆ ಮತ್ತೆ ಶುರು ಮಾಡುತ್ತೆ." ಬಿಎಂಟಿಸಿಯಲ್ಲಿ ಓಡಾಡುವವರು ಮಾತ್ರ ಕೊಡಬಹುದಾದ ವಿವರಣೆ. ಸಾರಿ ಕೇಳಿ ಫೋನ್ ಇಟ್ಟೆ.

ಮಾರನೇ ದಿನ ಬೆಳಿಗ್ಗೆ ನಮ್ಮೆಜಮಾನರು ಸ್ನಾನಕ್ಕೆ ಹೋದವರು ಮುಕ್ಕಾಲು ಗಂಟೆ ಆದರೂ ಬರಲಿಲ್ಲ. ಒಳಗೆ ನೀರು ಸುರಿಯುತ್ತಲೇ ಇತ್ತು. ಬಾಗಿಲು ಬಡಿದೆ.

"ಸೋಪು ಹೋಗ್ತಾನೇ ಇಲ್ಲ ಕಣೇ! ಎಷ್ಟು ತೊಳೆದ್ರೂ ಜಾರ್ತಾ ಇದೆ!"

ನಾನು ಗಾಬರಿಯಾದೆ. ಅಮ್ಮ ಮಾತ್ರ ಅಡುಗೆಮನೆಯಿಂದಲೇ ಕೂಗಿದಳು. "ಅದು ಸೋಪಲ್ಲ, ನೀರೇ ಹಾಗೆ. ನಮ್ಮೂರಲ್ಲೂ ಹಾಗೇ ಇರೋದು. ಹೊರಗೆ ಬನ್ನಿ, ದೋಸೆ ಆರ್ತಾ ಇದೆ."

ಹೌದಲ್ಲ! ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಗುಟು ಕಸವಾಗಿ ಮೈಗೆ ಮೆತ್ತಿಕೊಳ್ಳುತ್ತದೆ. ಉಜ್ಜಿದರೆ ಕಿರ್ ಅನ್ನುತ್ತಿದ್ದದ್ದು ಅದೇ. ಇಷ್ಟು ವರ್ಷ ಅದನ್ನೇ ನಾವು ಚೊಕ್ಕಟ ಅಂದುಕೊಂಡಿದ್ದೆವು. ಅವತ್ತು ಟ್ಯಾಂಕ್ ಖಾಲಿ, ಮಧ್ಯಾಹ್ನ ಮತ್ತೆ ಮೋಟರ್ ಹಾಕಿದೆವು.

ಬೇಳೆ ಮೂರೇ ಸೀಟಿಗೆ ಬೆಂದಿತು. ತಂದ ಬಾವಿ ನೀರನ್ನು ಏನು ಮಾಡುವುದು? ಅಮ್ಮ ಅದರಲ್ಲಿ ಕಾಫಿ ಮಾಡಿದಳು, ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಹಾಕಿದಳು. ಆ ಗಿಡಕ್ಕೆ ಅಲ್ಲಿಯವರೆಗೆ ನಾನು ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರು ಹಾಕುತ್ತಿದ್ದೆ. ಉಳಿತಾಯ ಅಂತ. ಉಪ್ಪೆಲ್ಲ ಅದರಲ್ಲೇ ಇರುತ್ತದೆ ಅಂತ ಎಲೆ ತುದಿ ಸುಟ್ಟಮೇಲೆ ಹೊಳೆಯಿತು.

ಅಮ್ಮ ಊರಿಗೆ ಹೋಗಿ ಒಂದು ತಿಂಗಳಾಗಿತ್ತು. ಮೊನ್ನೆ ಭಾನುವಾರ ನೆಂಟರು ಬರುವವರಿದ್ದರು. ಕುಕ್ಕರ್ ಆರು ಸೀಟಿ ಹೊಡೆಯಿತು, ತೆಗೆದು ನೋಡಿದರೆ ಬೇಳೆ ತಟ್ಟೆಗೆ ಹಾಕಿದರೆ ಠಣ್ ಅನ್ನುವ ಹಾಗಿದೆ. ಹನ್ನೆರಡೂವರೆ. ಅಮ್ಮನಿಗೆ ಫೋನ್ ಮಾಡಿದೆ.

"ಉಪ್ಪು ಹಾಕಿದ್ಯಾ?" ಅಂದಳು.

"ಬೇಳೆ ಬೇಯದೆ ಸಾರಿಗೆ ಹೇಗಮ್ಮ ಉಪ್ಪು ಹಾಕ್ಲಿ?"

"ಸಾರಿಗಲ್ಲ ಮಾರಾಯ್ತಿ, ನೀರಿಗೆ!"