ಯಾವ ಬ್ರಾಂಚು ತಗೊಂಡ?

ಮಲೆನಾಡಿನಲ್ಲಿ ಮುಂಗಾರು ತಡವಾಗಬಹುದು, ಸಲಹೆ ತಡವಾಗುವುದಿಲ್ಲ. ಸಿಇಟಿ ರ‍್ಯಾಂಕ್ ಬಂತು ಅಂತ ಸುದ್ದಿ ಹಬ್ಬಿದರೆ ಸಾಕು, ತೀರ್ಥಹಳ್ಳಿಯಿಂದ ಸಾಗರದವರೆಗೆ ಎಲ್ಲರಿಗೂ ಒಮ್ಮೆಲೇ ಜ್ಞಾನೋದಯ. ಮದುವೆ ಊಟದ ಪಂಕ್ತಿಯಲ್ಲಿ, ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ, ಸೊಸೈಟಿಯ ಗೊಬ್ಬರದ ಸಾಲಿನಲ್ಲಿ ಒಂದೇ ಪ್ರಶ್ನೆ: "ಯಾವ ಬ್ರಾಂಚು?" ಉತ್ತರ ಕೇಳುವ ವ್ಯವಧಾನ ಯಾರಿಗೂ ಇಲ್ಲ. "ಸಿಎಸ್ ಹಾಕ್ಸಿ, ಸ್ಕೋಪ್ ಇದೆ" ಅಂತ ಅವರೇ ಮುಗಿಸುತ್ತಾರೆ. ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್. ಹುಡುಗನಿಗೆ ಏನು ಇಷ್ಟ ಅಂತ ಕೇಳಿ ನೋಡಿ. "ಅವನಿಗೇನು ಗೊತ್ತಾಗುತ್ತೆ? ಅವನು ಓದೋನು ಅಷ್ಟೆ."

ನಿಜ, ಅವನು ಓದೋನು ಅಷ್ಟೆ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್ ಬಂದ ಮೇಲೆ ಅವನ ಪಾತ್ರ ಮುಗಿಯಿತು. ಮುಂದಿನದು ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು, ಯಾವ ಬ್ರಾಂಚು ಬೇಕು ಅಂತ ಆನ್‌ಲೈನಿನಲ್ಲಿ ಪಟ್ಟಿ ತುಂಬುವುದು. ಅದು ದೊಡ್ಡವರ ಆಟ.

ಆ ದಿನಗಳಲ್ಲಿ ದುರ್ಗಿಗುಡಿ ಕಡೆಯ ಯಾವುದಾದರೂ ಸೈಬರ್ ಸೆಂಟರಿಗೆ ಸುಮ್ನೆ ಹೋಗಿ ನಿಲ್ಲಿ. ಕುರ್ಚಿಯಲ್ಲಿ ಆಪರೇಟರ್ ಹುಡುಗ. ಅವನ ಹೆಗಲ ಮೇಲೆ ಬಾಗಿ ಅಪ್ಪ. ಅಪ್ಪನ ಹಿಂದೆ, ಬೆಂಗಳೂರಿನಲ್ಲಿ ನಾಲ್ಕು ದಿನ ಇದ್ದು ಬಂದ ಚಿಕ್ಕಪ್ಪ. ಅಮ್ಮ ಜಾತಿ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ತುಂಬಿ ಎದೆಗೆ ಒತ್ತಿಕೊಂಡು ನಿಂತಿರುತ್ತಾರೆ. ರ‍್ಯಾಂಕ್ ತಂದವನು ಬಾಗಿಲ ಹತ್ತಿರ ಎಲ್ಲರ ಛತ್ರಿ ಹಿಡಿದುಕೊಂಡಿರುತ್ತಾನೆ. ಓಟಿಪಿ ಬಂದಾಗ ಮಾತ್ರ ಅವನನ್ನು ಒಳಗೆ ಕರೆಯುತ್ತಾರೆ. ಬರುವಾಗ ಆಪರೇಟರನ್ನು "ಏ ತಮ್ಮ" ಅಂದ ಅಪ್ಪ, ಪಾಸ್‌ವರ್ಡ್ ಹಾಕುವ ಹೊತ್ತಿಗೆ "ಸರ್" ಅನ್ನತೊಡಗುತ್ತಾರೆ. "ಸರ್, ನಿಮ್ಮ ಪ್ರಕಾರ ಸಿಎಸ್ ಮೇಲೆ ಹಾಕೋದಾ, ಎಐ ಮೇಲೆ ಹಾಕೋದಾ?" ಸರ್ ಹಿಂದಿನ ಸಾಲನ್ನೊಮ್ಮೆ ನೋಡುತ್ತಾನೆ. ಹೊರಗೆ ಇನ್ನೂ ಹದಿನೈದು ಜನ ಇದ್ದಾರೆ. "ಎರಡೂ ಒಂದೇ ಅಂಕಲ್" ಅಂತಾನೆ. ಆ ಇಡೀ ಋತುವಿನಲ್ಲಿ ಯಾರಾದರೂ ಕೊಟ್ಟ ಪ್ರಾಮಾಣಿಕ ಕೆರಿಯರ್ ಗೈಡೆನ್ಸ್ ಬಹುಶಃ ಅದೊಂದೇ.

ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರ ನಾಲ್ಕು ಚಾಯ್ಸ್ ಕೊಡುತ್ತದೆ. ಒಂದು, ಒಪ್ಪಿದೆ, ಸೇರುತ್ತೇನೆ. ಎರಡು, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಬರುತ್ತಾ ನೋಡೋಣ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು, ಈ ಸಹವಾಸವೇ ಬೇಡ. ನಮ್ಮ ಜನ ಕಣ್ಣು ಮುಚ್ಚಿ ಒತ್ತುವುದು ಎರಡನ್ನು. ಧಾರಣೆ ಏರಲಿ ಅಂತ ಅಡಿಕೆ ಚೀಲವನ್ನು ಮಂಡಿಯಲ್ಲಿಟ್ಟು ಬಂದು, ಬೆಳಗ್ಗೆ ಸಂಜೆ ರೇಟು ನೋಡುವವರ ಅಭ್ಯಾಸ ಇಲ್ಲಿಗೂ ಬಂದಿದೆ. ಅಷ್ಟೇ ಅಲ್ಲ, ಸರ್ಕಾರಿ ಸೀಟು ಸಿಗದೆ ಮ್ಯಾನೇಜ್‌ಮೆಂಟ್ ಕೋಟಾದ ಮಾತು ಬಂದರೆ ಲೆಕ್ಕ ನಡೆಯುವುದೂ ರಾಶಿ ಇಡಿ ಅಡಿಕೆಯಲ್ಲೇ. "ವರ್ಷಕ್ಕೆ ಇಷ್ಟು ಕ್ವಿಂಟಾಲ್ ಹೋಗುತ್ತೆ" ಅಂತಾರೆ. ಮಗ ಸೆಮಿಸ್ಟರಿಗೆ ಎಷ್ಟು ಕ್ವಿಂಟಾಲ್ ತಿಂದ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಯಾವ ವಿಷಯ ಓದಿದ ಅನ್ನುವುದು ಅಷ್ಟಾಗಿ ಗೊತ್ತಿರುವುದಿಲ್ಲ.

ಇನ್ನು ಸಿವಿಲ್ ಸಿಕ್ಕಿದವರ ಕಥೆ. ಈ ಜಿಲ್ಲೆಯನ್ನು ಕಟ್ಟಿದ್ದೇ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಅದರ ಹಿಂದಿದ್ದ ವಿಶ್ವೇಶ್ವರಯ್ಯನವರು ಓದಿದ್ದು ಸಿವಿಲ್. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಬೆಂಗಳೂರಿನ ಲ್ಯಾಪ್‌ಟಾಪುಗಳು ಚಾರ್ಜ್ ಆಗುವುದರಲ್ಲಿ ಶರಾವತಿಯ ಪಾಲೂ ಇದೆ. ಆದರೂ "ಸಿವಿಲ್ ಸಿಕ್ಕಿದೆ" ಅಂದರೆ ಎದುರಿಗಿದ್ದವರ ಮುಖದಲ್ಲಿ ಸೂತಕ. "ಇರ್ಲಿ ಬಿಡಿ, ಹುಡುಗ ಆರೋಗ್ಯವಾಗಿದಾನಲ್ಲ" ಅಂತ ಸಮಾಧಾನ ಹೇಳಿ ಹೋಗುತ್ತಾರೆ. ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇಗೆ ಮಾತ್ರ ಎಲ್ಲ ಕಾಲೇಜುಗಳಲ್ಲೂ ವಿಶ್ವೇಶ್ವರಯ್ಯನವರ ಫೋಟೊಗೆ ದೊಡ್ಡ ಹಾರ. ಹಾರ ಹಾಕಿ ಕೈಮುಗಿಯುವ ಹುಡುಗರಲ್ಲಿ ಮುಕ್ಕಾಲು ಪಾಲು ಸಿಎಸ್.

ಅವರದ್ದಾದರೂ ಏನು ತಪ್ಪು? ಒಂದು ಬ್ರಾಂಚಿಗೆ ಇಂತಿಷ್ಟೇ ಸೀಟು ಅಂತ ಮೊದಲು ಒಂದು ಮಿತಿ ಇತ್ತು. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2024–25ರಿಂದ ಅದನ್ನೂ ತೆಗೆದುಹಾಕಿತು. ಸಿಎಸ್ ಜೊತೆಗೆ ಸಿಎಸ್ ಎಐ, ಸಿಎಸ್ ಡೇಟಾ ಸೈನ್ಸ್, ಸಿಎಸ್ ಸೈಬರ್ ಸೆಕ್ಯುರಿಟಿ ಎಲ್ಲವೂ ಇವೆ. ಎಲ್ಲರಿಗೂ ಸಿಗುತ್ತದೆ, ಆದರೂ ಯಾರಿಗೂ ತೃಪ್ತಿ ಇಲ್ಲ. ಪಕ್ಕದ ಮನೆಯವನಿಗೆ ಬರೀ ಸಿಎಸ್ ಸಿಕ್ಕಿದೆ, ನಮ್ಮವನಿಗೆ ಬಾಲ ಇರುವ ಸಿಎಸ್.

ತಮಾಷೆ ಜಾಸ್ತಿ ಇರುವುದು ಬಿಎಸ್ಸಿ ಅಗ್ರಿಯಲ್ಲಿ. ಅಲ್ಲಿ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಒಳ್ಳೆಯದೇ. ಆ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಮುಂದಿಟ್ಟು ಇದೇನು ಅಂತ ಕೇಳುತ್ತಾರೆ. ಮಣ್ಣಿನ ಮಕ್ಕಳಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು ಅಂತ ಪರೀಕ್ಷೆ ಮಾಡಿದವರು ಅಂದುಕೊಂಡಿದ್ದರೋ ಏನೋ. ಈಗ ಅದಕ್ಕೂ ಕೋಚಿಂಗ್! ಎಕರೆಗಟ್ಟಲೆ ಗದ್ದೆ ಇರುವ ಮನೆಯ ಹುಡುಗ ಬಸ್ಸು ಹತ್ತಿ ಪೇಟೆಗೆ ಬಂದು, ಫೀಸು ಕಟ್ಟಿ, ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗಿನ ಭತ್ತವನ್ನು ನೋಡಿ "ಇದು ಭತ್ತ" ಅಂತ ನೋಟ್ಸ್ ಬರೆದುಕೊಳ್ಳುತ್ತಾನೆ. ನವಣೆಗೂ ಸಾಮೆಗೂ ವ್ಯತ್ಯಾಸ ಗೊತ್ತಾಗದಿದ್ದರೆ ಮಲೆನಾಡಿನವನು, ಬಿಡಿ, ಕ್ಷಮಿಸೋಣ. ಯೂರಿಯಾ ಯಾವುದು ಅಂತಲೂ ಫೋಟೊ ತೆಗೆದುಕೊಂಡು ಕಂಠಪಾಠ ಮಾಡುತ್ತಾನೆ. ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಅದೇ ಯೂರಿಯಾ ಚೀಲ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಅಪ್ಪನನ್ನು ಕೇಳಿದರೆ ಹೆಮ್ಮೆಯಿಂದ ಹೇಳುತ್ತಾರೆ: "ನಾವು ಅವನನ್ನ ಒಂದಿನಾನೂ ಗದ್ದೆಗೆ ಇಳಿಸಿಲ್ಲ. ಓದೋ ಹುಡುಗ."

ಆ ಓದೋ ಹುಡುಗ ಪಾಸಾಗಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಕಲಿತು, ಆಮೇಲೆ ಕೂರುವುದು ಬ್ಯಾಂಕ್ ಪರೀಕ್ಷೆಗೆ. ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿ ಅಂತ ಹುದ್ದೆ ಇದೆ, ಎಸಿಯ ಗಾಳಿ ಇದೆ. ವಿಶ್ವವಿದ್ಯಾಲಯಕ್ಕೆ ಕೆಳದಿ ಶಿವಪ್ಪ ನಾಯಕನ ಹೆಸರಿಟ್ಟವರು ದೂರದೃಷ್ಟಿಯವರು. ಕಂದಾಯಕ್ಕೆ ಶಿಸ್ತು ಹಾಕಿ ಹೆಸರಾದ ದೊರೆ ಅವನು. ಅವನ ಹೆಸರಲ್ಲಿ ಕಲಿತ ಹುಡುಗ ಅಪ್ಪನ ಬೆಳೆಸಾಲದ ಕಂತು ನೆನಪಿಸಲು ಫೋನ್ ಮಾಡುತ್ತಾನೆ.

ಬಿಎ ವಿಷಯ ಎತ್ತಲೇಬಾರದು. ಕುವೆಂಪು ಅವರ ಕುಪ್ಪಳಿಗೆ ನೆಂಟರನ್ನು ಕರೆದುಕೊಂಡು ಹೋಗಿ, ಕವಿಶೈಲದಲ್ಲಿ ಸೆಲ್ಫಿ ತೆಗೆಸಿ, "ನಮ್ಮ ತಾಲ್ಲೂಕಿನವರು" ಅಂತ ಎದೆ ಉಬ್ಬಿಸುವವರ ಮಗಳು ಕನ್ನಡ ಓದುತ್ತೇನೆ ಅಂದರೆ, ಹಣೆ ಮುಟ್ಟಿ ಜ್ವರ ನೋಡುತ್ತಾರೆ.

ಇಷ್ಟಕ್ಕೂ ಈ ಓಟ ಎಲ್ಲಿಗೆ? ಕೆರಿಯರ್ ಪ್ಲಾನಿಂಗ್ ಅಂದರೆ ನಮ್ಮಲ್ಲಿ ತೋಟದಿಂದ ಎಷ್ಟು ದೂರ ಓಡಬಹುದು ಅನ್ನುವ ಲೆಕ್ಕ. ತೋಟ ನೋಡಿಕೊಳ್ಳುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. ಐದು ಎಕರೆ ಅಡಿಕೆ ಇರುವವನಿಗಿಂತ ಮಾರತ್‌ಹಳ್ಳಿಯಲ್ಲಿ ಬಾಡಿಗೆ ಕಟ್ಟುವವನೇ ಮೇಲು. ಮಾವನ ಮನೆಗೆ ತೋಟ ಬೇಕು, ಅಳಿಯನಿಗೆ ಇರಬಾರದು. 2020ರ ಲಾಕ್‌ಡೌನಿನಲ್ಲಿ ಓಡಿಹೋದವರೆಲ್ಲ ಲ್ಯಾಪ್‌ಟಾಪ್ ಸಮೇತ ವಾಪಸ್ ಬಂದರು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಮೀಟಿಂಗಿಗೆ ಕೂತರು. ಆಗ ಮೊಮ್ಮಗ ಮರ ಹತ್ತದಿದ್ದರೂ ಗುಡ್ಡವನ್ನಾದರೂ ಹತ್ತಿದ ಅಂತ ಅಜ್ಜಂದಿರಿಗೆ ಸ್ವಲ್ಪ ನೆಮ್ಮದಿ ಆಗಿರಬೇಕು.

ಮರ ಹತ್ತುವ ಮಾತು ಬಂತು ನೋಡಿ. ಆಪ್ಷನ್ ಎಂಟ್ರಿಯೂ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಒಂದೇ ಕಾಲಕ್ಕೆ ಬರುತ್ತವೆ. ಮಳೆ ಒಂದು ಗಳಿಗೆ ಬಿಡುವು ಕೊಟ್ಟಾಗ ಮೈಲುತುತ್ತ, ಸುಣ್ಣ ಕಲಸಿ ಮುಗಿಸಬೇಕು. ಹತ್ತುವವನು ಬೇಕಲ್ಲ? ಆ ಹೊತ್ತಿಗೆ ಇಡೀ ಊರಿನಲ್ಲಿ ಅತಿ ಡಿಮ್ಯಾಂಡ್ ಇರುವ ವೃತ್ತಿಪರ ಅವನೇ. ಅವನಿಗೆ ಫೋನ್ ಮಾಡಿದರೆ ಮೊದಲು ಕಾಲರ್ ಟ್ಯೂನ್, ಆಮೇಲೆ ಬ್ಯುಸಿ, ಆಮೇಲೆ ಸ್ವಿಚ್ ಆಫ್. ಯಾವ ಕಂಪನಿಯ ಎಚ್‌ಆರ್ ಕೂಡ ಇಷ್ಟು ಆಟ ಆಡಿಸುವುದಿಲ್ಲ. ಕಾರು ತೆಗೆದುಕೊಂಡು ಮನೆಗೇ ಹೋಗಿ ಕರೆತರುವ ಪದ್ಧತಿ ಇದೆ. ಬಂದವನಿಗೆ ತಿಂಡಿ, ಕಾಫಿ, ಎಲೆ ಅಡಿಕೆ.

ಹಾಗೆ ಬಂದ ಒಬ್ಬನನ್ನು ಧಣಿಗಳು ಜಗಲಿಯಲ್ಲಿ ಕೂರಿಸಿ ಲೋಕಾಭಿರಾಮ ಮಾತಾಡುತ್ತಿದ್ದರು. ಧಣಿಗಳ ಮಗ ಮ್ಯಾನೇಜ್‌ಮೆಂಟ್ ಕೋಟಾದ ಸಿಎಸ್, ಮೂರನೇ ವರ್ಷ. ಅದಕ್ಕೆ ಬ್ಯಾಂಕ್ ಸಾಲ ಬೇರೆ.

"ನಿನ್ನ ಮಗಂದು ಏನಾಯ್ತು ಮಾರಾಯಾ? ಪಿಯುಸಿ ಆಯ್ತಲ್ಲ."

"ಸಿಎಸ್ ಸಿಕ್ತು ಅಣ್ಣಾ, ಗೌರ್ಮೆಂಟ್ ಸೀಟು. ನಾನೂ ಮುಂದಿನ ವರ್ಷದಿಂದ ಹತ್ತಲ್ಲ, ಮಂಡಿ ನೋವು. ಮಗನೂ ಬರಲ್ಲ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಧಣಿಗಳು ಕಾಫಿ ಲೋಟ ಕೆಳಗಿಟ್ಟರು.

"ಅಯ್ಯೋ, ಸಿಎಸ್‌ಗೆ ಎಲ್ಲಿದೆ ಮಾರಾಯಾ ಸ್ಕೋಪು? ಎಐ ಬಂದು ಎಲ್ಲರ ಕೆಲಸ ಹೋಗ್ತಾ ಇದೆ. ನಾನು ಹೇಳ್ತೀನಿ ಕೇಳು, ಕೈಯಲ್ಲಿ ಒಂದು ಕಸುಬು ಇರ್ಬೇಕು. ಅವನನ್ನ ಸುಮ್ನೆ ಯಾಕೆ ಹಾಳು ಮಾಡ್ತೀಯಾ?"